ಎಳೆತವೋ ಓಟವೋ: ಪಿಕಪ್ ಟ್ರಕ್ಕಿನ ಹಿಂದಿನ ಅಚ್ಚಿನ ನೂರು ವರ್ಷದ ಲೆಕ್ಕ

1910ರ ದಶಕದ ಅಮೆರಿಕದ ಹಳ್ಳಿ ರಸ್ತೆಗಳಲ್ಲಿ ಒಂದು ವಿಚಿತ್ರ ನೋಟ ಕಾಣಸಿಗುತ್ತಿತ್ತು. ಕಡಿದಾದ ಏರು ಎದುರಾದರೆ ಫೋರ್ಡ್ ಮಾಡೆಲ್ ಟಿ ಓಡಿಸುವವನು ಗಾಡಿ ನಿಲ್ಲಿಸಿ, ಪೂರ್ತಿ ತಿರುಗಿಸಿಕೊಂಡು, ರಿವರ್ಸ್‌ನಲ್ಲಿ ಗುಡ್ಡ ಹತ್ತುತ್ತಿದ್ದ. ಮುಖ ಇಳಿಜಾರಿನ ಕಡೆಗೆ, ಕುತ್ತಿಗೆ ಹಿಂದಕ್ಕೆ.

ಇದಕ್ಕೆ ಎರಡು ಕಾರಣಗಳಿದ್ದವು. ಆ ಕಾರಿನ ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗಿತ್ತು, ಪಂಪ್ ಇರಲಿಲ್ಲ. ಎಣ್ಣೆ ತನ್ನ ಭಾರಕ್ಕೆ ತಾನೇ ಇಳಿದು ಎಂಜಿನ್ ಸೇರಬೇಕು. ಏರಿನಲ್ಲಿ ಮೂತಿ ಮೇಲಾದರೆ ಎಂಜಿನ್ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ಎಣ್ಣೆ ನಿಂತುಬಿಡುತ್ತಿತ್ತು. ಎರಡನೆಯದು ಹಲ್ಲುಚಕ್ರದ ಕಾರಣ. ಕೆಳ ಗೇರಿನಲ್ಲಿ ಎಂಜಿನ್ನಿನ 2.75 ಸುತ್ತು ಗೇರ್‌ಪೆಟ್ಟಿಗೆಯಿಂದ ಒಂದು ಸುತ್ತಾಗಿ ಹೊರಬಂದರೆ, ರಿವರ್ಸ್‌ನಲ್ಲಿ 4 ಸುತ್ತು ಒಂದಾಗುತ್ತಿತ್ತು. ಹಾಗಾಗಿ ಗಾಡಿಗೆ ಮುಂದಕ್ಕೆ ಹೋಗುವಾಗಿನದಕ್ಕಿಂತ ಹೆಚ್ಚು ಎಳೆತ ಸಿಗುತ್ತಿದ್ದದ್ದು ಹಿಂದಕ್ಕೆ ಹೋಗುವಾಗ.

ಗೇರ್‌ಪೆಟ್ಟಿಗೆ ಏನೇ ಕೊಡಲಿ, ಅದು ಕೊನೆಗೆ ಹಿಂದಿನ ಅಚ್ಚಿನ ನಡುವಿನ ಕಬ್ಬಿಣದ ಗುಂಡಿಯೊಳಗಿನ ಎರಡು ಹಲ್ಲುಚಕ್ರಗಳನ್ನು ದಾಟಿಯೇ ಗಾಲಿಗೆ ಹೋಗಬೇಕು. ಮಾಡೆಲ್ ಟಿಯಲ್ಲಿ ಚಿಕ್ಕ ಚಕ್ರಕ್ಕೆ 11 ಹಲ್ಲು, ದೊಡ್ಡದಕ್ಕೆ 40. ನಲವತ್ತನ್ನು ಹನ್ನೊಂದರಿಂದ ಭಾಗಿಸಿದರೆ 3.64. ಈ ಒಂದು ಸಂಖ್ಯೆಯನ್ನು ಏರಿಸುವ ಮತ್ತು ಇಳಿಸುವ ಕೆಲಸದ ಹಿಂದೆ ನೂರು ವರ್ಷದ ಚರಿತ್ರೆ ಇದೆ. ರೈತನ ಹೊಲ, ಸರ್ಕಾರದ ಹೆದ್ದಾರಿ, ಅರಬ್ ದೇಶಗಳ ತೈಲ, ದಿಲ್ಲಿಯಲ್ಲೋ ಡೆಟ್ರಾಯಿಟ್‌ನಲ್ಲೋ ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುವವನ ಅನುಮಾನ, ಎಲ್ಲವೂ ಅದರೊಳಗೆ ಹಲ್ಲಿಗೆ ಹಲ್ಲು ಕೊಟ್ಟು ಕೂತಿವೆ.

ಎರಡು ಕೆಲಸ, ಒಂದೇ ಗುಂಡಿ

ನಮ್ಮ ಗ್ಯಾರೇಜುಗಳಲ್ಲಿ ಇಡೀ ಗುಂಡಿಗೆ ಡಿಫರೆನ್ಷಿಯಲ್ ಎಂದೇ ಹೆಸರು. ಅದರೊಳಗೆ ನಡೆಯುವುದು ಮಾತ್ರ ಬೇರೆ ಬೇರೆ ಎರಡು ಕೆಲಸ.

ಮೊದಲನೆಯದು ಎಡಬಲ ಗಾಲಿಗಳಿಗೆ ಬೇರೆ ಬೇರೆ ವೇಗದಲ್ಲಿ ತಿರುಗುವ ಸ್ವಾತಂತ್ರ್ಯ. ಎತ್ತಿನ ಗಾಡಿಗೆ ಈ ಚಿಂತೆಯಿಲ್ಲ. ಅದರ ಅಚ್ಚು ತಿರುಗುವುದಿಲ್ಲ, ಎರಡು ಗಾಲಿಗಳೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ಸುತ್ತುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಹೋದರೆ ಹೋಗಲಿ. ಆದರೆ ಎಳೆಯುವ ಶಕ್ತಿ ಎತ್ತಿನ ಹೆಗಲಿನ ಬದಲು ಅಚ್ಚಿನ ಮೂಲಕವೇ ಬರಬೇಕೆಂದಾಗ ತೊಡಕು ಶುರುವಾಗುತ್ತದೆ. ಎರಡು ಗಾಲಿಗಳನ್ನೂ ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಒಂದು ಗಾಲಿ ನೆಲಕ್ಕೆ ಉಜ್ಜಲೇಬೇಕು. ಪ್ಯಾರಿಸ್ಸಿನ ಒನೆಸಿಫೋರ್ ಪೆಕ್ಯೂರ್ 1827-28ರ ಸುಮಾರಿಗೆ ಉಗಿ ಗಾಡಿಗೆಂದು ಇದಕ್ಕೊಂದು ಪರಿಹಾರ ಹುಡುಕಿ ಪೇಟೆಂಟ್ ಪಡೆದ. ಅರ್ಧ ಶತಮಾನದ ನಂತರ, 1877ರಲ್ಲಿ, ಇಂಗ್ಲೆಂಡಿನ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಮೂರು ಗಾಲಿಯ ಸೈಕಲ್ಲಿಗೆ ಅದೇ ಉಪಾಯವನ್ನು ಅಳವಡಿಸಿದ. ಮೋಟಾರು ಕಾರು ಬರುವ ಹೊತ್ತಿಗೆ ಡಿಫರೆನ್ಷಿಯಲ್ ಹಳೆಯ ಸಾಮಾನಾಗಿತ್ತು.

ಎರಡನೆಯ ಕೆಲಸ ಅನುಪಾತದ್ದು, ಮೆಕ್ಯಾನಿಕ್‌ಗಳ ಮಾತಿನಲ್ಲಿ ರೇಷಿಯೋ. ಎಂಜಿನ್‌ನಿಂದ ಉದ್ದಕ್ಕೆ ಬರುವ ಶಾಫ್ಟಿನ ತುದಿಯಲ್ಲಿ ಚಿಕ್ಕ ಪಿನಿಯನ್, ಅದಕ್ಕೆ ಅಡ್ಡಲಾಗಿ ದೊಡ್ಡ ಕ್ರೌನ್ ವೀಲ್. ಪಿನಿಯನ್ 3.64 ಸುತ್ತು ತಿರುಗಿದಾಗ ಕ್ರೌನ್ ಒಂದು ಸುತ್ತು. ವೇಗ ಎಷ್ಟು ಪಟ್ಟು ಕಡಿಮೆಯಾಯಿತೋ, ತಿರುಗಿಸುವ ಬಲ ಹೆಚ್ಚುಕಡಿಮೆ ಅಷ್ಟೇ ಪಟ್ಟು ಹೆಚ್ಚಾಯಿತು. ಸಂಖ್ಯೆ ದೊಡ್ಡದಾದಷ್ಟೂ ಗಾಡಿ ಹೆಚ್ಚು ಭಾರ ಎಳೆಯುತ್ತದೆ, ಆದರೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತು ಹಾಕಿ ಹೆಚ್ಚು ಎಣ್ಣೆ ಕುಡಿಯುತ್ತದೆ. ಸಂಖ್ಯೆ ಚಿಕ್ಕದಾದರೆ ಓಟ ಹಗುರ, ಎಳೆತ ಬಡವಾಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಅನುಪಾತ ಬದಲಿಸುವುದೆಂದರೆ ಈ ಜೋಡಿ ಚಕ್ರಗಳನ್ನು ಬದಲಿಸುವುದು. ಆ ಕಾಲದ ಚೈನು ಎಳೆಯುವ ಲಾರಿಗಳಲ್ಲಿ ಇದು ಸುಲಭದ ಕೆಲಸವಾಗಿತ್ತು. ಸೈಕಲ್ಲಿನಲ್ಲಿ ಮಾಡುವಂತೆ ಒಂದು ಹಲ್ಲುಚಕ್ರ ಬಿಚ್ಚಿ ಇನ್ನೊಂದನ್ನು ಹಾಕಿದರೆ ಆಯಿತು. ಚೈನು ಹೋಗಿ ಶಾಫ್ಟ್ ಬಂದಮೇಲೆ ಅನುಪಾತವು ಮುಚ್ಚಿದ ಗುಂಡಿಯೊಳಗೆ, ಎಣ್ಣೆಯಲ್ಲಿ ಮುಳುಗಿ, ಕಣ್ಣಿಗೆ ಕಾಣದಂತಾಯಿತು.

ಸಂಖ್ಯೆಗಳು ಇಷ್ಟು ವಕ್ರವೇಕೆ

ಪಿಕಪ್ ಕೊಳ್ಳುವವರ ಬಾಯಲ್ಲಿ ಬರುವ ಸಂಖ್ಯೆಗಳು 3.42, 3.55, 3.73, 4.10, 4.88. ಮೂರೂವರೆ, ನಾಲ್ಕು ಎಂದು ಸರಳವಾಗಿ ಯಾಕಿರಬಾರದು?

ಉತ್ತರ ಹಲ್ಲುಗಳ ಎಣಿಕೆಯಲ್ಲಿದೆ. 3.73 ಎಂದರೆ 41 ಹಲ್ಲಿಗೆ 11, 4.10 ಎಂದರೆ 41ಕ್ಕೆ 10, 3.55 ಎಂದರೆ 39ಕ್ಕೆ 11. ಪ್ರತಿ ಜೋಡಿಯಲ್ಲೂ ಎರಡು ಸಂಖ್ಯೆಗಳನ್ನು ನಿಶ್ಶೇಷವಾಗಿ ಭಾಗಿಸುವ ಬೇರೆ ಸಂಖ್ಯೆ ಇಲ್ಲ. ಹಾಗಾಗಿ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ಒಂದು ಹಲ್ಲನ್ನು ಮುಟ್ಟಿದ ಮೇಲೆ, ಕ್ರೌನಿನ ಉಳಿದೆಲ್ಲ ಹಲ್ಲುಗಳನ್ನೂ ಮುಟ್ಟಿ ಬರುವವರೆಗೆ ಅದೇ ಹಲ್ಲಿಗೆ ಮರಳುವುದಿಲ್ಲ. ಸವೆತ ಎಲ್ಲ ಹಲ್ಲುಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಅಚ್ಚುಕಟ್ಟಾಗಿ 40ಕ್ಕೆ 10 ಇಟ್ಟರೆ ಹಾಗಲ್ಲ. ಪಿನಿಯನ್ನಿನ ಒಂದು ಹಲ್ಲಿಗೆ ಜೀವಮಾನವಿಡೀ ಅದೇ ನಾಲ್ಕು ಸಂಗಾತಿಗಳು. ಒಂದರಲ್ಲಿ ಚಿಕ್ಕ ಊನವಿದ್ದರೆ ಅದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು. ಆದರೂ ಮಾಡೆಲ್ ಟಿಗೆ ಹೊರಗಿನ ಅಂಗಡಿಗಳು ಮಾರುತ್ತಿದ್ದ ಬದಲಿ ಜೋಡಿಗಳಲ್ಲಿ 40ಕ್ಕೆ 10ರದ್ದೂ ಇತ್ತು, 39ಕ್ಕೆ 13ರದ್ದೂ ಇತ್ತು. ಗುಡ್ಡದ ಊರಿನವರು ಮೊದಲನೆಯದನ್ನು ಹಾಕಿಸಿಕೊಂಡರೆ, ಬಯಲಿನಲ್ಲಿ ಓಡಿಸುವವರಿಗೆ ಎರಡನೆಯದು ಬೇಕಿತ್ತು. ಕಾರ್ಖಾನೆ ಕೊಟ್ಟ ಸಂಖ್ಯೆಯನ್ನು ಮಾಲೀಕ ತಿದ್ದುವ ಚಾಳಿ ಅಷ್ಟು ಹಳೆಯದು.

ರಾಚೆಸ್ಟರ್‌ನ ಅಪ್ಪ ಮಗಳು

ಶಾಫ್ಟಿನ ತಿರುಗನ್ನು ಅಡ್ಡಲಾಗಿ ಹೊರಳಿಸಲು ಓರೆಯಾಗಿ ಕತ್ತರಿಸಿದ ಹಲ್ಲುಗಳು ಬೇಕು. ಇವನ್ನು ಕೈಯಿಂದ ಅರದಲ್ಲಿ ಉಜ್ಜಿ ಮಾಡುವುದು ದುಬಾರಿ, ನಿಖರತೆಯೂ ಕಡಿಮೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಐರ್ಲೆಂಡಿನಿಂದ ವಲಸೆ ಬಂದಿದ್ದ ವಿಲಿಯಂ ಗ್ಲೀಸನ್ 1874ರಲ್ಲಿ ಇಂಥ ಹಲ್ಲು ಕೊರೆಯುವ ಯಂತ್ರ ತಯಾರಿಸಿದ. ಅವನ ಮಗಳು ಕೇಟ್ 1884ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಯಂತ್ರವಿದ್ಯೆ ಕಲಿಯಲು ಹೋದಳು. ಮನೆಯ ಕಾರ್ಖಾನೆ ಕಷ್ಟಕ್ಕೆ ಸಿಕ್ಕಿದಾಗ ಓದು ಬಿಟ್ಟು ವಾಪಸು ಬಂದಳು. 1893ರಲ್ಲಿ ಒಬ್ಬಳೇ ಯುರೋಪಿಗೆ ಹೋಗಿ ಆ ಯಂತ್ರಗಳಿಗೆ ಗಿರಾಕಿ ಹುಡುಕಿದಳು. ಹೆಂಗಸು ಯಂತ್ರ ಮಾರುವುದನ್ನು ಯಾರೂ ಕಂಡಿರದ ಕಾಲ ಅದು. 1914ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಅವಳನ್ನು ಪೂರ್ಣ ಸದಸ್ಯೆಯಾಗಿ ಸೇರಿಸಿಕೊಂಡಿತು. ಆ ಸ್ಥಾನಕ್ಕೆ ಬಂದ ಮೊದಲ ಹೆಂಗಸು ಅವಳೇ.

ಅಷ್ಟರಲ್ಲಿ ಗ್ಲೀಸನ್ ಕಾರ್ಖಾನೆ ಸುರುಳಿಯಾಗಿ ಬಾಗಿದ ಹಲ್ಲುಗಳನ್ನು ಕತ್ತರಿಸುವ ಯಂತ್ರವನ್ನೂ ತಂದಿತ್ತು. ನೇರ ಹಲ್ಲುಗಳು ಒಂದನ್ನೊಂದು ಪೂರ್ತಿ ಅಗಲಕ್ಕೆ ಒಮ್ಮೆಗೇ ಬಡಿಯುತ್ತವೆ. ಬಾಗಿದ ಹಲ್ಲುಗಳು ತುದಿಯಿಂದ ಶುರುವಾಗಿ ಮೆಲ್ಲಗೆ ಜಾರಿಕೊಂಡು ಕೂಡುತ್ತವೆ. ಹಿಂದಿನ ಅಚ್ಚಿನ ಗೋಳಾಟ ನಿಂತಿತು. 1920ರ ದಶಕದ ನಡುವಿನಲ್ಲಿ ಇನ್ನೊಂದು ಹೆಜ್ಜೆ ಬಂತು. ಪಿನಿಯನ್ನನ್ನು ಕ್ರೌನಿನ ನಟ್ಟನಡುವಿಗೆ ಕೂರಿಸುವ ಬದಲು ಸ್ವಲ್ಪ ಕೆಳಗೆ ಕೂರಿಸುವ ಹೈಪಾಯ್ಡ್ ಗೇರು. ಪ್ಯಾಕಾರ್ಡ್ ಕಾರುಗಳು ಇದನ್ನು ಮೊದಲು ಬಳಸಿದವು. ಶಾಫ್ಟ್ ಕೆಳಗಿಳಿಯಿತು, ಅದರೊಡನೆ ಕಾರಿನ ನೆಲವೂ ಇಳಿಯಿತು. ಆದರೆ ಈ ಹಲ್ಲುಗಳು ಉರುಳುವುದಕ್ಕಿಂತ ಹೆಚ್ಚಾಗಿ ಒಂದರ ಮೇಲೊಂದು ಉಜ್ಜುತ್ತವೆ. ಸಾಮಾನ್ಯ ಎಣ್ಣೆ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಗಂಧಕ ಬೆರೆಸಿದ ವಿಶೇಷ ಗೇರ್ ಆಯಿಲ್ ಬೇಕಾಯಿತು. ಇವತ್ತಿಗೂ ಹಿಂದಿನ ಗುಂಡಿಯ ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುವ ಕೊಳೆತ ಮೊಟ್ಟೆಯಂಥ ವಾಸನೆ ಅದರದ್ದೇ.

ಒಂದು ಟನ್ನಿನ ಲಾರಿ, ಹದಿನೈದು ಮೈಲಿಯ ವೇಗ

1917ರಲ್ಲಿ ಫೋರ್ಡ್ ಮಾಡೆಲ್ ಟಿಟಿ ಎಂಬ ಒಂದು ಟನ್ನಿನ ಲಾರಿಯನ್ನು ಹೊರತಂದಿತು. ಎಂಜಿನ್ ಕಾರಿನದ್ದೇ, ಅದೇ 20 ಅಶ್ವಶಕ್ತಿ. ಭಾರ ಹೊರುವ ಕೆಲಸಕ್ಕೆ ಫೋರ್ಡ್ ಮಾಡಿದ್ದು ಚೌಕಟ್ಟನ್ನು ಉದ್ದ ಮಾಡಿ ಹಿಂದಿನ ಅಚ್ಚನ್ನು ಬದಲಿಸಿದ್ದು. ತಿರುಪಿನಂಥ ವರ್ಮ್ ಗೇರು ಹಾಕಿ ಅನುಪಾತವನ್ನು 7.25ಕ್ಕೆ ಏರಿಸಿದರು. ಕಾರಿನ 3.64ಕ್ಕೆ ಹೋಲಿಸಿದರೆ ಇದು ಸರಿಸುಮಾರು ಇಮ್ಮಡಿ. ಅದೇ ಎಂಜಿನ್ ಈಗ ಇಮ್ಮಡಿ ಎಳೆಯಬಲ್ಲದು, ಆದರೆ ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರ್ ಮೀರಬಾರದೆಂದು ಸೂಚನೆ. ಅವಸರವಿದ್ದವರಿಗೆ 5.17ರ ಅಚ್ಚು ಸಿಗುತ್ತಿತ್ತು. ಅದರ ಮಿತಿ 22 ಮೈಲಿ.

ಅನುಪಾತ ಗಿರಾಕಿಯ ಆಯ್ಕೆಯಾಗಿ ಕಂಡದ್ದು ಇಲ್ಲಿ. ಹಾಲಿನ ಕ್ಯಾನು ಸಾಗಿಸುವವನಿಗೆ ಒಂದು, ಇಟ್ಟಿಗೆ ಹೇರುವವನಿಗೆ ಇನ್ನೊಂದು. ಎರಡೂ ಬೇಕೆನ್ನುವವರಿಗಾಗಿ ರಕ್ಸ್‌ಟೆಲ್ ಎಂಬ ಅಚ್ಚು 1920ರ ದಶಕದಲ್ಲಿ ಫೋರ್ಡ್ ಡೀಲರುಗಳ ಬಳಿಯೇ ಮಾರಾಟಕ್ಕೆ ಬಂತು. ಸೀಟಿನ ಪಕ್ಕದ ಸನ್ನೆಕೋಲು ಎಳೆದರೆ ಹಿಂದಿನ ಅಚ್ಚಿನೊಳಗೇ ಇನ್ನೊಂದು ಕೆಳ ಗೇರು ಸೇರಿಕೊಳ್ಳುತ್ತಿತ್ತು. ಗುಡ್ಡ ಬಂದಾಗ ಗಾಡಿ ತಿರುಗಿಸಿ ಹಿಮ್ಮುಖ ಹತ್ತುವ ಕಷ್ಟ ಹಲವರಿಗೆ ತಪ್ಪಿತು. 1925ರಲ್ಲಿ ಫೋರ್ಡ್ ತನ್ನ ಎರಡು ಸೀಟಿನ ಕಾರಿನ ಹಿಂದೆ ಕಬ್ಬಿಣದ ತೊಟ್ಟಿ ಜೋಡಿಸಿ 281 ಡಾಲರಿಗೆ ಮಾರತೊಡಗಿತು. ಕಾರ್ಖಾನೆಯಿಂದಲೇ ಸಿದ್ಧವಾಗಿ ಬಂದ ಫೋರ್ಡ್ ಪಿಕಪ್ ಅದು. ಅಂದಿನಿಂದ ಪಿಕಪ್ಪಿನ ಹಣೆಬರಹದಲ್ಲಿ ಈ ದ್ವಂದ್ವ ಇದ್ದೇ ಇದೆ. ವಾರದ ಆರು ದಿನ ಅದು ಎತ್ತು, ಭಾನುವಾರ ಅದು ಕುದುರೆ.

ಯುದ್ಧದ ಜೀಪು, ಹೊಲದ ಜೀಪು

ಒಂದೇ ಗಾಡಿ ಕೆಲಸ ಬದಲಾದಾಗ ಅಚ್ಚಿನ ಸಂಖ್ಯೆ ಹೇಗೆ ಬದಲಾಯಿತು ಎಂಬುದಕ್ಕೆ ವಿಲ್ಲಿಸ್ ಜೀಪಿಗಿಂತ ಚೆನ್ನಾದ ಉದಾಹರಣೆ ಇಲ್ಲ. 1941ರ ನಂತರ ಎರಡನೇ ಮಹಾಯುದ್ಧಕ್ಕೆ ಹೋದ ಎಂಬಿ ಜೀಪಿನ ಅನುಪಾತ 4.88, ಅಂದರೆ 39 ಹಲ್ಲಿಗೆ 8. ಯುದ್ಧ ಮುಗಿದು 1945ರಲ್ಲಿ ಅದೇ ಜೀಪು ಸಿಜೆ-2ಎ ಎಂಬ ಹೆಸರಿನಲ್ಲಿ ರೈತರಿಗೆಂದು ಬಂದಾಗ ಅದು 5.38 ಆಗಿತ್ತು. 43ಕ್ಕೆ 8. ಸೇನೆಗೆ ಓಡುವ ಗಾಡಿ ಬೇಕಿತ್ತು. ರೈತನಿಗೆ ನಡಿಗೆಯ ವೇಗದಲ್ಲಿ ನೇಗಿಲು ಎಳೆಯುವ ಗಾಡಿ ಬೇಕಿತ್ತು. ನಾಲ್ಕು ಹಲ್ಲುಗಳಲ್ಲಿ ಯುದ್ಧದಿಂದ ಹೊಲಕ್ಕೆ ದಾಟಿದ್ದಾಯಿತು.

ಈ ಕವಲು ನಮ್ಮ ಕಡೆಗೂ ಬಂತು. 1945ರಲ್ಲಿ ಶುರುವಾದ ಮಹೀಂದ್ರ ಕಂಪನಿ ಸ್ವಾತಂತ್ರ್ಯದ ಹೊಸತರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಎತ್ತರದ ಮೂತಿಯ ಸಿಜೆ-3ಬಿ ಭಾರತದ ಜೀಪೆಂದರೆ ಇದೇ ಎನ್ನುವಷ್ಟು ಹರಡಿತು. ಅದರ ಅಚ್ಚಿನಲ್ಲಿದ್ದದ್ದೂ ಹೊಲದ 5.38. ಮಲೆನಾಡಿನ ಕಾಫಿ ತೋಟದ ಕೆಸರಿನಲ್ಲಿ ಅದು ಆನೆಯಂತೆ ಏರುತ್ತಿತ್ತು. ಅದೇ ಜೀಪನ್ನು ಹೆದ್ದಾರಿಗೆ ತಂದರೆ 80 ಕಿಲೋಮೀಟರ್ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3,200 ಸುತ್ತು ಹಾಕಬೇಕಿತ್ತು. ಅದರ ಪೂರ್ತಿ ಶಕ್ತಿ ಬರುತ್ತಿದ್ದದ್ದೇ 4,000 ಸುತ್ತಿಗೆ. ಜೀಪಿನಲ್ಲಿ ದೂರದ ಊರಿಗೆ ಹೋದವರ ಕಿವಿಯಲ್ಲಿ ರಾತ್ರಿಯೆಲ್ಲ ಗುಂಯ್ಗುಟ್ಟುತ್ತಿದ್ದ ಸದ್ದಿನ ಮೂಲ ಆ 43 ಮತ್ತು 8. ಜೀಪಿಗೆ ಓಟ ಬರುವುದಿಲ್ಲ ಎಂದು ಎಂಜಿನ್ನನ್ನು ಬೈದವರು ಹಲವರು. ಎಂಜಿನ್ ಮಾಡಿದ ತಪ್ಪಲ್ಲ ಅದು. ಹೊಲಕ್ಕೆಂದು ಆರಿಸಿದ ಸಂಖ್ಯೆಯನ್ನು ಹೆದ್ದಾರಿಗೆ ತಂದದ್ದರ ಫಲ.

ಹೆದ್ದಾರಿ, ರೇಸು, ತೈಲ

1956ರಲ್ಲಿ ಅಮೆರಿಕದ ಸರ್ಕಾರ 41,000 ಮೈಲಿ ಉದ್ದದ ಹೆದ್ದಾರಿ ಜಾಲಕ್ಕೆ ಕಾಯಿದೆ ಮಾಡಿತು. ಪಿಕಪ್ಪುಗಳು ಹಳ್ಳಿಯ ಮಣ್ಣು ಬಿಟ್ಟು ಕಾಂಕ್ರೀಟಿಗೆ ಬಂದವು. ಆಗಿನ ಹೆಚ್ಚಿನ ಗೇರ್‌ಪೆಟ್ಟಿಗೆಗಳ ಮೇಲಿನ ಗೇರು ನೇರ, ಒಂದಕ್ಕೆ ಒಂದು. ಓಟದ ಹೊತ್ತಿನಲ್ಲಿ ಎಂಜಿನ್ನಿಗೂ ಗಾಲಿಗೂ ನಡುವೆ ಉಳಿಯುತ್ತಿದ್ದ ಏಕೈಕ ಲೆಕ್ಕ ಹಿಂದಿನ ಅಚ್ಚಿನದ್ದು.

ಆ ಲೆಕ್ಕವನ್ನು ಬೇಕಾದಾಗ ಬದಲಿಸುವ ಕಲೆಯನ್ನು ಬೆಳೆಸಿದವರು ರೇಸಿನವರು. ಟೆಡ್ ಹ್ಯಾಲಿಬ್ರಾಂಡ್ ಎಂಬ ತಯಾರಕನ ಅಚ್ಚಿನಲ್ಲಿ ಹಿಂಭಾಗದ ಮುಚ್ಚಳ ತೆಗೆದು ಎರಡು ಸಾದಾ ಹಲ್ಲುಚಕ್ರ ಅದಲುಬದಲು ಮಾಡಿದರೆ ಕೆಲವೇ ನಿಮಿಷದಲ್ಲಿ ಅನುಪಾತ ಬೇರೆ. 1957ರಲ್ಲಿ ಬಂದ ಫೋರ್ಡಿನ ಒಂಬತ್ತಿಂಚಿನ ಅಚ್ಚಿನಲ್ಲಿ ಇಡೀ ಗೇರಿನ ಭಾಗ ಒಂದೇ ಗಂಟಾಗಿ ಮುಂದಿನಿಂದ ಕಳಚಿ ಬರುತ್ತಿತ್ತು. ಬೇರೆ ಬೇರೆ ಅನುಪಾತದ ಗಂಟುಗಳನ್ನು ಮೇಜಿನ ಮೇಲೆ ಸಿದ್ಧಮಾಡಿಟ್ಟುಕೊಂಡು ರಸ್ತೆಗೆ ತಕ್ಕದ್ದನ್ನು ಏರಿಸಬಹುದಿತ್ತು.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. 1974ರ ಜನವರಿಯಲ್ಲಿ ಇಡೀ ಅಮೆರಿಕಕ್ಕೆ ಗಂಟೆಗೆ 55 ಮೈಲಿ, ಅಂದರೆ 88 ಕಿಲೋಮೀಟರಿನ ವೇಗಮಿತಿ ಬಂತು. 1975ರ ಕಾಯಿದೆ, ತಯಾರಕರು ಮಾರುವ ಗಾಡಿಗಳ ಸರಾಸರಿ ಮೈಲೇಜಿಗೆ ಗುರಿ ಹಾಕಿತು. ಕಾರುಗಳಿಗೆ ಅದು 1978ರ ಮಾದರಿಗಳಿಂದ, ಹಗುರ ಟ್ರಕ್ಕುಗಳಿಗೆ ಮರುವರ್ಷದಿಂದ ಜಾರಿಯಾಯಿತು.

ಹೊಸ ಎಂಜಿನ್ ರೂಪಿಸಲು ವರ್ಷಗಳು ಬೇಕು, ಕೋಟಿಗಟ್ಟಲೆ ಹಣ ಬೇಕು. ಅಚ್ಚಿನೊಳಗಿನ ಜೋಡಿ ಚಕ್ರ ಬದಲಿಸಲು ಅಷ್ಟು ಬೇಡ. ಅನುಪಾತಗಳು ಇಳಿಯತೊಡಗಿದವು. ಅರ್ಧ ಟನ್ನಿನ ಪಿಕಪ್ಪುಗಳಲ್ಲಿ 3.08, 2.73ರಂಥ ಸಂಖ್ಯೆಗಳು ಬಂದವು. 31 ಇಂಚಿನ ಟೈರಿದ್ದು ನೇರ ಗೇರಿನಲ್ಲಿ 88 ಕಿಲೋಮೀಟರ್ ವೇಗದಲ್ಲಿ ಹೋಗುವಾಗ 4.10ರ ಅಚ್ಚಿಗೆ ಎಂಜಿನ್ ಸುಮಾರು 2,430 ಸುತ್ತು ತಿರುಗಬೇಕಾದರೆ, 2.73ಕ್ಕೆ 1,620 ಸಾಕು. ಕಾಗದದ ಮೇಲೆ ಉಳಿತಾಯ ನಿಜ. ಖಾಲಿ ಓಡುವ ಪಿಕಪ್ಪಿಗೂ ನಿಜ. ಹಿಂದೆ ಕುದುರೆ ಟ್ರೈಲರ್ ಕಟ್ಟಿಕೊಂಡು ಗುಡ್ಡ ಏರುವವನಿಗೆ ಮಾತ್ರ ಇದು ಮೋಸದಂತೆ ಕಂಡಿತು. ಗಾಡಿ ಮೇಲಿನ ಗೇರಿನಲ್ಲಿ ಏರುವುದಿಲ್ಲ, ಕೆಳಗಿನ ಗೇರಿಗೆ ಇಳಿದು ಎಂಜಿನ್ ಕಿರುಚಬೇಕು, ಗೇರ್‌ಪೆಟ್ಟಿಗೆಯ ಎಣ್ಣೆ ಕಾಯಬೇಕು. ದೇಶದ ಸರಾಸರಿಗೆಂದು ಆರಿಸಿದ ಸಂಖ್ಯೆ, ಸರಾಸರಿಯಲ್ಲದ ಒಬ್ಬನ ಹೆಗಲಿಗೆ ಬಿತ್ತು.

ಬಿಚ್ಚಿ ಜೋಡಿಸುವವನ ಲೆಕ್ಕ

ಅಂಥವನು ಗ್ಯಾರೇಜಿಗೆ ಹೋಗುತ್ತಿದ್ದ. ಹಳೆಯ ಕ್ರೌನ್ ಪಿನಿಯನ್ ತೆಗೆಸಿ 3.73 ಅಥವಾ 4.10 ಹಾಕಿಸುವುದು ಪಿಕಪ್ ಲೋಕದ ಒಂದು ಕಸುಬೇ ಆಯಿತು. ದೊಡ್ಡ ಟೈರಿನ ಶೋಕಿ ಅದಕ್ಕೆ ಇನ್ನಷ್ಟು ಗಿರಾಕಿ ತಂದಿತು. 31 ಇಂಚಿನ ಜಾಗಕ್ಕೆ 35 ಇಂಚಿನ ಟೈರು ಹಾಕಿದರೆ 3.73ರ ಅಚ್ಚು ನೆಲದ ಮೇಲೆ 3.30ರಂತೆ ನಡೆದುಕೊಳ್ಳುತ್ತದೆ. ಕಳೆದ ಎಳೆತ ವಾಪಸು ಬರಬೇಕಾದರೆ 4.21 ಬೇಕು. ಅಂಗಡಿಯಲ್ಲಿ ಸಿಗುವ ಹತ್ತಿರದ ಸಂಖ್ಯೆ 4.10.

ಕೆಲಸ ಹೊರಗಿನಿಂದ ನೋಡಲು ಸುಲಭ, ಒಳಗೆ ನಾಜೂಕು. ಕೊಳಕು ಎಣ್ಣೆ ಇಳಿಸಿ, ಮುಚ್ಚಳ ತೆಗೆದು, ಬೇರಿಂಗ್ ಹಿಡಿದಿರುವ ಕ್ಯಾಪುಗಳಿಗೆ ಎಡಬಲ ಗುರುತು ಹಾಕಿ, ಕ್ರೌನ್ ಸಮೇತ ಒಳಗಿನ ಗಂಟನ್ನು ಹೊರತೆಗೆಯಬೇಕು. ಹೊಸ ಪಿನಿಯನ್ ಎಷ್ಟು ಆಳಕ್ಕೆ ಕೂರಬೇಕೆಂಬುದನ್ನು ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳು ನಿರ್ಧರಿಸುತ್ತವೆ. ಎರಡು ಚಕ್ರಗಳ ಹಲ್ಲುಗಳ ನಡುವೆ ಬಿಡಬೇಕಾದ ಸಡಿಲು ಬಹುತೇಕ ಪಿಕಪ್ ಅಚ್ಚುಗಳಲ್ಲಿ ಸುಮಾರು 0.15ರಿಂದ 0.25 ಮಿಲಿಮೀಟರ್. ಕಡಿಮೆಯಾದರೆ ಕಾದು ಸುಡುತ್ತದೆ, ಹೆಚ್ಚಾದರೆ ಬಡಿದು ಮುರಿಯುತ್ತದೆ. ಕೊನೆಗೆ ಹಲ್ಲುಗಳಿಗೆ ಬಣ್ಣದ ಲೇಪ ಹಚ್ಚಿ ಕೈಯಿಂದ ತಿರುಗಿಸಿ, ಒಂದು ಹಲ್ಲು ಇನ್ನೊಂದರ ಮೇಲೆ ಎಲ್ಲಿ ಗುರುತು ಬಿಟ್ಟಿದೆ ಎಂದು ನೋಡಬೇಕು. ಗುರುತು ಹಲ್ಲಿನ ನಡುವೆ ಬಿದ್ದರೆ ಸರಿ. ತುದಿಗೋ ಬುಡಕ್ಕೋ ಸರಿದಿದ್ದರೆ ಮತ್ತೆ ಬಿಚ್ಚಿ, ಬಿಲ್ಲೆ ಬದಲಿಸಿ, ಮತ್ತೆ ಜೋಡಿಸಬೇಕು. ಅವಸರದ ಕೆಲಸ ಕೆಲವು ನೂರು ಕಿಲೋಮೀಟರಿನಲ್ಲಿ ಗೋಳಿಡುವ ಸದ್ದಾಗಿ ಹೊರಬೀಳುತ್ತದೆ. ಸರಿಯಾಗಿ ಜೋಡಿಸಿದ ಮೇಲೂ ಮೊದಲ 800 ಕಿಲೋಮೀಟರ್ ಭಾರ ಎಳೆಸದೆ, ಆಗಾಗ ನಿಲ್ಲಿಸಿ ಆರಲು ಬಿಟ್ಟು ಓಡಿಸಿ, ಆಮೇಲೆ ಎಣ್ಣೆ ಬದಲಿಸುವುದು ರೂಢಿ.

ನಾಲ್ಕು ಗಾಲಿಗೂ ಶಕ್ತಿ ಹೋಗುವ ಪಿಕಪ್ ಆದರೆ ಮುಂದಿನ ಅಚ್ಚಿಗೂ ಅದೇ ಅನುಪಾತ ಹಾಕಬೇಕು. ಹಿಂದೆ 4.10, ಮುಂದೆ 3.08 ಉಳಿದರೆ ಗಟ್ಟಿ ರಸ್ತೆಯಲ್ಲಿ ನಾಲ್ಕು ಗಾಲಿ ಸೇರಿಸಿದೊಡನೆ ಎರಡು ಅಚ್ಚುಗಳು ಎರಡು ವೇಗ ಕೇಳುತ್ತವೆ. ನಡುವಿನ ಏನಾದರೂ ಮುರಿಯಬೇಕು. ಖರ್ಚು ಅಲ್ಲಿಗೇ ಇಮ್ಮಡಿ.

ಸುಳ್ಳು ಹೇಳುವ ಮೀಟರು

ಖರ್ಚಿಗಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಹಳೆಯ ಪಿಕಪ್ಪುಗಳಲ್ಲಿ ಸ್ಪೀಡೋಮೀಟರಿನ ಕೇಬಲ್ ಹೊರಡುತ್ತಿದ್ದದ್ದು ಗೇರ್‌ಪೆಟ್ಟಿಗೆಯ ಹಿಂಬದಿಯಿಂದ. ಅದು ಶಾಫ್ಟಿನ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ಗಾಲಿಯದ್ದನ್ನಲ್ಲ. 3.08 ತೆಗೆದು 4.10 ಹಾಕಿದರೆ, ನಿಜವಾದ ವೇಗ 75 ಇರುವಾಗ ಮುಳ್ಳು 100 ತೋರಿಸುತ್ತದೆ. ಓಡಿದ ದೂರವೂ ಅದೇ ಲೆಕ್ಕದಲ್ಲಿ ಉಬ್ಬುತ್ತದೆ. ದೊಡ್ಡ ಟೈರು ಹಾಕಿ ಅಚ್ಚು ಬದಲಿಸದಿದ್ದರೆ ಸುಳ್ಳು ಎದುರು ದಿಕ್ಕಿಗೆ. 31ರ ಬದಲು 35 ಇಂಚಿನ ಟೈರಿನಲ್ಲಿ 100 ಕಿಲೋಮೀಟರ್ ಓಡಿದ ಗಾಡಿ 89 ಎನ್ನುತ್ತದೆ.

ಯಾರೂ ಮೀಟರು ತಿರುವಿಲ್ಲ, ಆದರೂ ಮೀಟರು ಸುಳ್ಳಾಗಿದೆ. 1972ರಲ್ಲೇ ಅಮೆರಿಕ ಸರ್ಕಾರ ಓಡೋಮೀಟರ್ ತಿದ್ದುವುದನ್ನು ನಿಷೇಧಿಸಿ ಕಾಯಿದೆ ಮಾಡಿತ್ತು. ಪ್ರಾಮಾಣಿಕ ಮೆಕ್ಯಾನಿಕ್‌ಗೆ ಇದಕ್ಕೆ ಪರಿಹಾರವೂ ಗೊತ್ತಿತ್ತು. ಕೇಬಲ್ಲಿನ ಬುಡದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ಹಲ್ಲುಚಕ್ರವೊಂದಿರುತ್ತದೆ. ಹಲ್ಲಿನ ಎಣಿಕೆ ಸುಲಭವಾಗಿ ತಿಳಿಯಲೆಂದು ಅವಕ್ಕೆ ಬೇರೆ ಬೇರೆ ಬಣ್ಣ. ಹೊಸ ಅನುಪಾತಕ್ಕೆ ತಕ್ಕ ಬಣ್ಣದ್ದನ್ನು ಹಾಕಿದರೆ ಮೀಟರು ಮತ್ತೆ ನಿಜ ಹೇಳುತ್ತದೆ. ಅಚ್ಚಿನ ಕೆಲಸಕ್ಕೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ. ಆ ಚಿಕ್ಕ ತುಂಡನ್ನು ಮರೆತರೆ ಮುಂದೆ ಗಾಡಿ ಕೊಳ್ಳುವವನು ಸುಳ್ಳು ದೂರಕ್ಕೆ ಬೆಲೆ ಕೊಡಬೇಕಾಗುತ್ತದೆ. ಇಂದಿನ ಪಿಕಪ್ಪುಗಳಲ್ಲಿ ಅದೇ ತಿದ್ದುಪಡಿಯನ್ನು ಕಂಪ್ಯೂಟರಿಗೆ ಹೇಳಬೇಕು.

ಹತ್ತರ ಸುತ್ತ

1982ರ ಸುಮಾರಿಗೆ ಜನರಲ್ ಮೋಟರ್ಸ್ ನಾಲ್ಕು ಗೇರಿನ ಸ್ವಯಂಚಾಲಿತ ಪೆಟ್ಟಿಗೆ ತಂದಾಗ ಹಳೆಯ ಹಗ್ಗಜಗ್ಗಾಟಕ್ಕೆ ಒಂದು ರಾಜಿ ಸಿಕ್ಕಿತು. ಅದರ ಮೊದಲ ಗೇರು 3.06, ಕೊನೆಯದು 0.70. ಹೊರಡುವಾಗ ಎಳೆತ, ಓಡುವಾಗ ವಿಶ್ರಾಂತಿ. ಇದರ ಅರ್ಥ ಕಾಣಬೇಕಾದರೆ ಮೊದಲ ಗೇರನ್ನು ಅಚ್ಚಿನ ಅನುಪಾತದಿಂದ ಗುಣಿಸಿ ನೋಡಬೇಕು. ಮಾಡೆಲ್ ಟಿಯಲ್ಲಿ 2.75ನ್ನು 3.64ರಿಂದ ಗುಣಿಸಿದರೆ 10.0. ಮೂರು ಗೇರಿನ ಕಾಲದ ಪಿಕಪ್ಪಿನಲ್ಲಿ ಮೊದಲ ಗೇರು 2.48, ಅಚ್ಚು 4.10 ಆದರೆ 10.2. ನಾಲ್ಕು ಗೇರಿನ ಪೆಟ್ಟಿಗೆಗೆ 3.42ರ ಅಚ್ಚು ಸೇರಿಸಿದರೆ 10.5. ಎಪ್ಪತ್ತು ವರ್ಷದಲ್ಲಿ ಎಂಜಿನ್ನಿನ ಶಕ್ತಿ ಹತ್ತು ಪಟ್ಟು ಬೆಳೆದರೂ ನಿಂತ ಗಾಡಿಯನ್ನು ಹೊರಡಿಸುವ ಲೆಕ್ಕ ಹತ್ತರ ಆಚೀಚೆಯೇ ಸುಳಿಯುತ್ತಿತ್ತು. ಬದಲಾದದ್ದು ಇನ್ನೊಂದು ತುದಿ. ಓಟದಲ್ಲಿ 4.10 ಇದ್ದದ್ದು ನಾಲ್ಕನೇ ಗೇರಿನ ದಯೆಯಿಂದ 2.39ಕ್ಕೆ ಇಳಿಯಿತು.

2017ರ ಮಾದರಿಯಲ್ಲಿ ಫೋರ್ಡ್ ಎಫ್-150ಗೆ ಹತ್ತು ಗೇರಿನ ಪೆಟ್ಟಿಗೆ ಬಂತು. ಮೊದಲ ಗೇರು 4.70, ಹತ್ತನೆಯದು 0.64. 3.31ರಂಥ ಸೌಮ್ಯ ಅಚ್ಚಿನಲ್ಲೂ ಹೊರಡುವಾಗಿನ ಗುಣಲಬ್ಧ 15.6, ಓಟದಲ್ಲಿ 2.1. ಅಜ್ಜನ ಕಾಲದಲ್ಲಿ ಅಚ್ಚು ಬಿಚ್ಚಿಸಿ ಪಡೆಯಬೇಕಿದ್ದದ್ದನ್ನು ಮೊಮ್ಮಗನಿಗೆ ಗೇರ್‌ಪೆಟ್ಟಿಗೆಯೇ ಕೊಡುತ್ತಿದೆ.

ಆದರೂ ಆಯ್ಕೆ ಮುಗಿದಿಲ್ಲ. ಒಂದೇ ಎಂಜಿನ್ನಿನ ಎರಡು ಪಿಕಪ್ಪುಗಳಲ್ಲಿ ಎಷ್ಟು ಭಾರದ ಟ್ರೈಲರ್ ಎಳೆಯಬಹುದೆಂದು ತಯಾರಕರು ಬರೆದುಕೊಡುವ ಮಿತಿ ಇಂದಿಗೂ ಅಚ್ಚಿನ ಅನುಪಾತದಿಂದ ಬದಲಾಗುತ್ತದೆ. ಆಮೇಲೆ ಸ್ವಂತ ಖರ್ಚಿನಲ್ಲಿ ಅನುಪಾತ ಏರಿಸಿಕೊಂಡವನಿಗೆ ಎಳೆತ ಹೆಚ್ಚುತ್ತದೆ, ಬಾಗಿಲ ಚೌಕಟ್ಟಿಗೆ ಅಂಟಿಸಿದ ಭಾರಮಿತಿ ಹೆಚ್ಚುವುದಿಲ್ಲ. ಬ್ರೇಕು, ಸ್ಪ್ರಿಂಗು, ಚೌಕಟ್ಟು ಹಳೆಯವೇ. ಗುಡ್ಡ ಏರುವ ಶಕ್ತಿ ಕೊಳ್ಳಬಹುದು, ಇಳಿಯುವಾಗ ನಿಲ್ಲುವ ಶಕ್ತಿ ಅದರ ಜೊತೆ ಬರುವುದಿಲ್ಲ. ಖಂಡಾಲದ ಘಾಟಿನಲ್ಲೋ ಚಾರ್ಮಾಡಿಯಲ್ಲೋ ಲಾರಿ ಇಳಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಲವು ವರ್ಷಗಳ ಕಾಲ ಜನರಲ್ ಮೋಟರ್ಸ್ ಪಿಕಪ್ಪುಗಳ ಮುಂದಿನ ಖಾನೆಯ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸಿರುತ್ತಿತ್ತು. ಅದರ ತುಂಬ ಮೂರಕ್ಷರದ ಸಂಕೇತಗಳು. ಜಿಯು6 ಎಂದಿದ್ದರೆ 3.42, ಜಿಟಿ4 ಎಂದಿದ್ದರೆ 3.73, ಜಿಟಿ5 ಎಂದಿದ್ದರೆ 4.10. ಹಳೆಯ ಗಾಡಿ ನೋಡಲು ಬಂದ ತಿಳಿದವರು ಮೊದಲು ಆ ಚೀಟಿ ಓದುತ್ತಾರೆ. ಅಷ್ಟಕ್ಕೇ ನಂಬುವುದಿಲ್ಲ. ಗಾಡಿಯ ಹಿಂದಿನ ಗಾಲಿಗಳನ್ನು ಮೇಲೆತ್ತಿ, ಶಾಫ್ಟಿಗೆ ಸೀಮೆಸುಣ್ಣದ ಗೀಟು ಎಳೆದು, ಎರಡು ಗಾಲಿಗಳನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ಹಾಕಿತೆಂದು ಎಣಿಸುತ್ತಾರೆ. ಮೂರೂಮುಕ್ಕಾಲಿಗೆ ತುಸು ಕಡಿಮೆಯಾದರೆ 3.73. ನಾಲ್ಕನ್ನು ದಾಟಿ ಸ್ವಲ್ಪ ಮುಂದೆ ನಿಂತರೆ 4.10. ಚೀಟಿಯ ಸಂಖ್ಯೆಯೂ ಗೀಟಿನ ಸಂಖ್ಯೆಯೂ ಒಂದೇ ಆಗಿದ್ದರೆ ಸಾಮಾನ್ಯವಾಗಿ ಗಾಡಿ ಕಾರ್ಖಾನೆಯಿಂದ ಬಂದಂತೆಯೇ ಇದೆ. ಬೇರೆಯಾಗಿದ್ದರೆ ಹಿಂದಿನ ಮಾಲೀಕನಿಗೆ ಎಂದೋ ಒಂದು ಗುಡ್ಡ ಎದುರಾಗಿತ್ತು ಎಂದರ್ಥ. ಆಗ ಕೇಳಬೇಕಾದ ಮುಂದಿನ ಪ್ರಶ್ನೆ, ಮೀಟರಿನ ಬಣ್ಣದ ಚಕ್ರವನ್ನೂ ಬದಲಿಸಿದ್ದನೇ ಎಂಬುದು.